ಮಧುರೈನಿಂದ ಕಾರಲ್ಲಿ ರಾಮೇಶ್ವರ, ಧನುಷ್ಕೋಡಿ: ಒಂದೇ ದಿನ ಸಾಕಾಗುತ್ತಾ?

ತುಂಗಾತೀರ
ಎಲ್ರಿಗೂ ನಮಸ್ಕಾರ. ಸಂಕ್ರಾಂತಿ ರಜಕ್ಕೆ ಶಿವಮೊಗ್ಗದಿಂದ ಮಧುರೈಗೆ ಕಾರಲ್ಲಿ ಹೋಗ್ತಿದೀವಿ, ಮಧ್ಯೆ ಒಂದಿನ ಬೆಂಗಳೂರಲ್ಲಿ ತಂಗಿ ಮನೇಲಿ ಇದ್ದು. ಹಬ್ಬ ಕಳೆದ ಭಾನುವಾರ ಮಧುರೈಯಿಂದ ಬೆಳಗ್ಗೆ ಹೊರಟು ರಾಮೇಶ್ವರ ಇರೋ ಪಾಂಬನ್ ದ್ವೀಪ ಪೂರ್ತಿ ಸುತ್ತಾಡಿ ರಾತ್ರಿ ವಾಪಸ್ ಬರೋ ಪ್ಲಾನು. ನಾನು, ಹೆಂಡತಿ, ಆರನೇ ಕ್ಲಾಸ್ ಓದೋ ಮಗ, ಮತ್ತೆ ಅಮ್ಮ. ಅಮ್ಮನಿಗೆ 71, ಮಂಡಿ ನೋವಿದೆ, ಆದ್ರೂ 22 ತೀರ್ಥದಲ್ಲೂ ಸ್ನಾನ ಮಾಡ್ಲೇಬೇಕು ಅಂತಾರೆ. ನಮ್ಮಜ್ಜಿ ಕಾಶಿಯಿಂದ ತಂದಿದ್ದ ಒಂದು ತಾಮ್ರದ ಗಿಂಡಿ ದೇವರ ಮನೇಲಿ ಇದೆ, ಬಾಯಿಗೆ ಬೆಸುಗೆ ಹಾಕಿರೋದು, ಒಳಗೆ ಗಂಗೆ. ಅಜ್ಜಿ ರಾಮೇಶ್ವರಕ್ಕೆ ಹೋಗಕ್ಕಾಗ್ದೆ ತೀರ್ಕೊಂಡ್ರು. ಅದನ್ನ ಅಲ್ಲಿಗೆ ಮುಟ್ಟಿಸ್ಬೇಕು ಅನ್ನೋದೇ ಅಮ್ಮನ ಆಸೆ. ಮಗನಿಗೆ ಹೊಸ ರೈಲ್ವೆ ಬ್ರಿಡ್ಜು ಮೇಲೇಳೋದನ್ನ ನೋಡ್ಬೇಕು. ನನಗೆ ಧನುಷ್ಕೋಡಿ. ಇಷ್ಟೆಲ್ಲ ಒಂದು ದಿನದಲ್ಲಿ ಆಗುತ್ತಾ? ಹೋಗಿ ಬಂದೋರು ದಯವಿಟ್ಟು ಹೇಳಿ.

ಗಾಲಿಚಕ್ರ
ಆಗುತ್ತೆ ಸರ್, ಆರಾಮಾಗಿ. ಮಧುರೈಯಿಂದ ಹತ್ತತ್ರ 170 ಕಿ.ಮೀ. ಪರಮಕ್ಕುಡಿ ತನಕ ನಾಲ್ಕು ಲೇನು ಚೆನ್ನಾಗಿದೆ, ಆಮೇಲೆ ರಾಮನಾಥಪುರ ದಾಟಿ ಮಂಟಪಂವರೆಗೆ ಎರಡೇ ಲೇನು, ಅಲ್ಲಿ ನಿಧಾನ ಆಗುತ್ತೆ. ಬೆಳಗ್ಗೆ 4ಕ್ಕೆ ಬಿಟ್ರೆ 7 ಗಂಟೆ ಒಳಗೆ ಸೇತುವೆ ಮೇಲಿರ್ತೀರ. 7:30ಕ್ಕೆ ದೇವಸ್ಥಾನ, 11ಕ್ಕೆ ಆಚೆ, ಊಟ, 1ರಿಂದ 4 ಧನುಷ್ಕೋಡಿ, ಬರ್ತಾ ಕಲಾಂ ಸ್ಮಾರಕ, ಸಂಜೆ ಪಾಂಬನ್. ರಾತ್ರಿ 10ಕ್ಕೆ ಮಧುರೈ. ನಾನು ಇದೇ ಥರ ಎರಡು ಸಲ ಮಾಡಿದೀನಿ.

ಹಾಸನ್_ಹುಡ್ಗ
ನೀವು ಮಾಡಿದ್ದು ಬೈಕ್ ಗ್ಯಾಂಗ್ ಜೊತೆ ಅಲ್ವಾ ಗುರು. ಇವ್ರ ಜೊತೆ 71 ವರ್ಷದ ಅಮ್ಮ ಇದಾರೆ. ರಾತ್ರಿ 3ಕ್ಕೆ ಎಬ್ಬಿಸಿ ಮೂರು ಗಂಟೆ ಕಾರಲ್ಲಿ ಕೂರಿಸಿ, 22 ಬಾವಿ ನೀರು ಹುಯ್ಸಿ, ಮಧ್ಯಾಹ್ನ ಬಿಸಿಲಲ್ಲಿ ಮರಳಲ್ಲಿ ಓಡಾಡ್ಸಿ, ಮತ್ತೆ ಮೂರು ಗಂಟೆ ಕಾರು. ಆಗಲ್ಲ. ಎರಡು ದಿನ ಇಟ್ಕೊಳ್ಳಿ.

ಗಾಲಿಚಕ್ರ
ಅವ್ರು ಕೇಳಿದ್ದು ಒಂದು ದಿನದಲ್ಲಿ ಆಗುತ್ತಾ ಅಂತ. ಆಗುತ್ತೆ ಅಂದೆ ಅಷ್ಟೆ.

ರಾಮನಾಡ್_ಸೊಸೆ
ನಮ್ಮತ್ತೆ ಮನೆ ರಾಮನಾಥಪುರದ ಹತ್ರ, ಮದುವೆ ಆದಾಗಿಂದ ವರ್ಷಕ್ಕೆ ಎರಡು ಸಲ ಆದ್ರೂ ರಾಮೇಶ್ವರಕ್ಕೆ ಹೋಗ್ತೀನಿ, ಹಾಗಾಗಿ ಮೊದಲು ಎಲ್ಲಕ್ಕಿಂತ ಮುಖ್ಯವಾದ್ದು ಹೇಳ್ತೀನಿ. ನೀವು ಹೇಳ್ತಿರೋ ಭಾನುವಾರ ತೈ ಅಮಾವಾಸ್ಯೆ!! ದಯವಿಟ್ಟು ಅವತ್ತು ಬರ್ಬೇಡಿ. ಆಡಿ ಅಮಾವಾಸ್ಯೆ, ತೈ ಅಮಾವಾಸ್ಯೆ, ಮಹಾಲಯ, ಈ ಮೂರು ದಿನ ಪಿತೃತರ್ಪಣಕ್ಕೆ ಇಡೀ ತಮಿಳುನಾಡೇ ದೇವಸ್ಥಾನದ ಪಕ್ಕದ ಸಮುದ್ರ, ಅಗ್ನಿತೀರ್ಥದ ದಡಕ್ಕೆ ಬಂದಿರುತ್ತೆ. ಊರ ಹೊರಗೇ ಗಾಡಿ ತಡೀತಾರೆ. ನಿಮ್ಮಮ್ಮನ ಕೈಲಿ ಆ ನೂಕುನುಗ್ಗಲಲ್ಲಿ ನಿಲ್ಲಕ್ಕಾಗಲ್ಲ. ಅದರ ಹಿಂದಿನ ಎರಡು ಮೂರು ದಿನವೂ ಪೊಂಗಲ್ ರಜೆ, ಜೊತೆಗೆ ಶಬರಿಮಲೆ ಮುಗಿಸ್ಕೊಂಡು ಬರೋ ಮಾಲೆ ಸ್ವಾಮಿಗಳ ಬಸ್ಸುಗಳು. ಮುಂದಿನ ವಾರ ಮಂಗಳವಾರನೋ ಬುಧವಾರನೋ ಇಟ್ಕೊಳ್ಳಿ, ಮಗನಿಗೆ ಎರಡು ದಿನ ಸ್ಕೂಲ್ ತಪ್ಪಿದ್ರೆ ತಪ್ಪಲಿ.

ಇನ್ನೊಂದು, ಮಧುರೈಯಲ್ಲಿ ಉಳ್ಕೊಳ್ಳೋ ಬದ್ಲು ಹಿಂದಿನ ರಾತ್ರಿ ರಾಮನಾಥಪುರಕ್ಕೆ ಬಂದ್ಬಿಡಿ. ಅಲ್ಲಿಂದ 55 ಕಿ.ಮೀ ಅಷ್ಟೆ. ಆಗ ನಿಮ್ಮ ಒಂದು ದಿನ ನಿಜವಾಗ್ಲೂ ಒಂದು ದಿನ ಆಗುತ್ತೆ.

ದೇವಸ್ಥಾನ ಮಧ್ಯಾಹ್ನ 1ಕ್ಕೆ ಮುಚ್ಚಿ 3ಕ್ಕೆ ತೆಗೀತಾರೆ. ಧನುಷ್ಕೋಡಿ ಕಡೆ ಸಂಜೆ ಆದ್ಮೇಲೆ ಚೆಕ್‌ಪೋಸ್ಟಲ್ಲಿ ಬಿಡಲ್ಲ. ಈ ಎರಡು ಗೆರೆ ಮಧ್ಯೆ ನಿಮ್ಮ ದಿನ ಕೂರಿಸ್ಕೋಬೇಕು.

ತುಂಗಾತೀರ
ಅಯ್ಯೋ ಮೇಡಂ, ಅಮಾವಾಸ್ಯೆ ವಿಷಯ ತಲೆಗೇ ಹೋಗಿರ್ಲಿಲ್ಲ, ಕ್ಯಾಲೆಂಡರ್ ನೋಡ್ದೆ, ಹೌದು. ತುಂಬಾ ಉಪಕಾರ ಆಯ್ತು. ಬುಧವಾರಕ್ಕೆ ಬದಲಾಯಿಸ್ತೀನಿ. ರಾಮನಾಥಪುರದಲ್ಲಿ ಉಳ್ಕೊಳ್ಳೋದೂ ಸರಿ ಅನ್ಸುತ್ತೆ.

ಮೈಸೂರ್_ಪ್ರವಾಸಿ
ಸೇತುವೆ ಮೇಲೆ ಕಾರ್ ನಿಲ್ಲಿಸಿ ಫೋಟೋ ತೆಗೀಲೇಬೇಕು ಸರ್, ಮಿಸ್ ಮಾಡ್ಬೇಡಿ. 1914ರ ಸೇತುವೆ ಅದು, ನೂರು ವರ್ಷದ ಮೇಲಾಯ್ತು, ಇನ್ನೂ ಗಾಡಿ ಓಡ್ತಿದಾವೆ.

ಹಳೇರೈಲು
ಸ್ವಲ್ಪ ತಿದ್ದುಪಡಿ. 1914 ಫೆಬ್ರವರಿಯಲ್ಲಿ ತೆರೆದದ್ದು ರೈಲು ಸೇತುವೆ. ನೀವು ಕಾರು ಓಡಿಸೋ ರಸ್ತೆ ಸೇತುವೆ ಬೇರೆ, ಅದು 1988 ಅಕ್ಟೋಬರ್ 2ರಂದು ರಾಜೀವ್ ಗಾಂಧಿ ಉದ್ಘಾಟನೆ ಮಾಡಿದ್ದು, ಹೆಸರು ಇಂದಿರಾ ಗಾಂಧಿ ಸೇತುವೆ, ಉದ್ದ 2.3 ಕಿ.ಮೀ ಮೇಲೆ. ಅದಕ್ಕೆ ಮುಂಚೆ ಆ ದ್ವೀಪಕ್ಕೆ ರಸ್ತೆಯೇ ಇರ್ಲಿಲ್ಲ, ರೈಲು ಇಲ್ಲ ದೋಣಿ, ಅಷ್ಟೆ. ಅಂದ್ರೆ ನಮ್ಮ ಅಪ್ಪಂದಿರ ಕಾಲದಲ್ಲಿ ರಾಮೇಶ್ವರಕ್ಕೆ ಹೋದೋರೆಲ್ಲ ರೈಲಲ್ಲೇ ಹೋಗಿದ್ದು.

ಹಳೇ ರೈಲು ಸೇತುವೇಲೂ ಈಗ ಗಾಡಿ ಓಡಲ್ಲ. 2022 ಡಿಸೆಂಬರಲ್ಲಿ ನಿಲ್ಸಿದ್ರು. ಪಕ್ಕದಲ್ಲೇ ಹೊಸದು ಕಟ್ಟಿ 2025 ಏಪ್ರಿಲ್ 6, ರಾಮನವಮಿ ದಿನ ಪ್ರಧಾನಿ ಮೋದಿ ಉದ್ಘಾಟನೆ ಮಾಡಿದ್ರು. ಹಳೇದರಲ್ಲಿ ಹಡಗು ಬಂದ್ರೆ ಮಧ್ಯದ ಭಾಗ ಎರಡು ರೆಕ್ಕೆ ಥರ ಬಿಚ್ಕೊಳ್ತಿತ್ತು, ಎರಡೂ ಕಡೆ ಕೆಲಸದವ್ರು ನಿಂತು ಲಿವರ್ ಹಿಡ್ಕೊಂಡು ಕೈಯಲ್ಲೇ ತಿರುಗಿಸ್ತಿದ್ರು. ನಾನು 2009ರಲ್ಲಿ ಕಣ್ಣಾರೆ ನೋಡಿದೀನಿ, ಸುತ್ತ ಸುತ್ತ ನಡೀತಾ, ಗಾಣ ತಿರುಗಿಸಿದ ಹಾಗೆ. ಹೊಸದರಲ್ಲಿ 72.5 ಮೀಟರ್ ಉದ್ದದ ತುಂಡು ಪೂರ್ತಿ ಲಿಫ್ಟ್ ಥರ ನೇರ ಮೇಲಕ್ಕೆ 17 ಮೀಟರ್ ಏಳುತ್ತೆ, ಮೋಟಾರಲ್ಲಿ. ಈ ಥರದ್ದು ನಮ್ಮ ದೇಶದಲ್ಲಿ ಇದೇ ಮೊದಲು. ತುಂಗಾತೀರ ಅವ್ರೆ, ನಿಮ್ಮ ಮಗನಿಗೆ ಈಗ್ಲೇ ಹೇಳಿಬಿಡಿ, ಹಡಗು ಬಂದ್ರೆ ಮಾತ್ರ ಎತ್ತೋದು, ಪ್ರವಾಸಿಗಳಿಗೆ ಅಂತ ಟೈಮ್ ಇಲ್ಲ. ರೈಲು ದಾಟೋದು ಸಿಗಬಹುದು, ಟೈಮ್‌ಟೇಬಲ್ ನೋಡ್ಕೊಂಡು ಹೋಗಿ.

ರಾಮನಾಡ್_ಸೊಸೆ
ಸೇತುವೆ ಮೇಲೆ ನಿಲ್ಲಿಸಬೇಡಿ, ಪೊಲೀಸ್ರು ಫೈನ್ ಹಾಕ್ತಾರೆ, ಅದಕ್ಕಿಂತ ಹೆಚ್ಚಾಗಿ ಬಸ್ಸುಗಳು ಜೋರಾಗಿ ಬರ್ತಾವೆ, ಮಕ್ಕಳು ಡೋರ್ ತೆಗೆದ್ರೆ ಅಪಾಯ. ದಾಟಿದ್ಮೇಲೆ ಪಾಂಬನ್ ಊರಲ್ಲಿ ಎಡಬಲ ಎಲ್ಲಾದ್ರೂ ಸೇಫಾಗಿ ನಿಲ್ಸಿ ಕೆಳಗೆ ದಡಕ್ಕೆ ಇಳೀರಿ. ಅಲ್ಲಿಂದ ಎರಡೂ ಸೇತುವೆ ತಲೆ ಮೇಲೆ ಕಾಣುತ್ತೆ, ಕೆಳಗೆ ನೀಲಿ ಹಸಿರು ಬಣ್ಣದ ದೋಣಿಗಳು.

ಮೈಸೂರ್_ಪ್ರವಾಸಿ
ಸರಿ ಸರಿ, ಎರಡು ಸೇತುವೇನೂ ಕಲಸ್ಕೊಂಡಿದ್ದೆ. ಥ್ಯಾಂಕ್ಸ್.

ಕೊಪ್ಪಳದ_ಗಾಳಿ
ನಾವು ಹೋದ ವರ್ಷ ಹೋಗಿದ್ವಿ ರೀ. ಮಧುರೈ ದಾಟಿದ ಮ್ಯಾಲೆ ರಸ್ತೆ ಎರಡೂ ಕಡೆ ನೋಡ್ರಿ, ಬರೀ ಬಳ್ಳಾರಿ ಜಾಲಿ! ನಮ್ಮ ಗಂಗಾವತಿ ಕಡೆ ಬಂದಂಗಾತು. ಅಲ್ಲಿ ಅದಕ್ಕ ಸೀಮೈ ಕರುವೇಲಂ ಅಂತಾರಂತ, ಡ್ರೈವರ್ ಹೇಳಿದ. ಅದನ್ನ ಕಡಿದು ಸುಟ್ಟು ಇದ್ಲಿ ಮಾಡೋದೇ ಅಲ್ಲಿ ಭಾಳ ಮಂದಿ ಕಸುಬು. ನೀರಿಲ್ಲದ ನಾಡು, ನಮ್ಮಂಗ. ಆದ್ರ ಮೆಣಸಿನಕಾಯಿ ಬೆಳೀತಾರ, ಗುಂಡನ್ನ ಮೆಣಸಿನಕಾಯಿ, ಬೋರೆಹಣ್ಣಿನಂಗ, ರಸ್ತೆ ಬದಿಗೆ ಒಣಗಲಿಕ್ಕೆ ಹಾಕಿರ್ತಾರ. ಎರಡು ಕೆಜಿ ತಂದೀವಿ. ನಮ್ಮ ಬ್ಯಾಡಗಿಯಂಗ ಬಣ್ಣ ಇಲ್ಲ, ಖಾರ ಮಾತ್ರ ಜೋರ್ ಐತಿ.

ರಾಮನಾಡ್_ಸೊಸೆ
ಅದು ರಾಮನಾಡ್ ಮುಂಡು ಮೆಣಸಿನಕಾಯಿ ಅಣ್ಣ, ಜಿಐ ಟ್ಯಾಗ್ ಸಿಕ್ಕಿದೆ. ಒಗ್ಗರಣೆಗೆ ಒಂದು ಹಾಕಿದ್ರೆ ಸಾಕು. ಖಾರದ ಕುಳಂಬುಗೆ ಅತ್ತೆ ಇದೇ ಬೇಕು ಅಂತಾರೆ.

ನಾದಪ್ರಿಯ
ಹಾದಿಯಲ್ಲಿ ಮಾನಾಮಧುರೈ ಸಿಗುತ್ತಲ್ಲ, ಕಚೇರಿಯಲ್ಲಿ ಕೇಳೋ ಘಟ ತಯಾರಾಗೋದು ಅಲ್ಲೇ. ಆ ಊರಿನ ಜೇಡಿಮಣ್ಣಿಗೆ ಆ ನಾದ. ಸಮಯ ಇದ್ರೆ ಕುಂಬಾರರ ಬೀದಿಗೆ ಹೋಗಿ ಬೆರಳಲ್ಲಿ ಒಂದು ತಟ್ಟಿ ನೋಡಿ, ಮಾಮೂಲಿ ಮಡಕೆಗೂ ಅದಕ್ಕೂ ವ್ಯತ್ಯಾಸ ಆ ಒಂದು ಪೆಟ್ಟಿಗೇ ಗೊತ್ತಾಗುತ್ತೆ.

ಹಾಸನ್_ಹುಡ್ಗ
ಒಂದು ದಿನಕ್ಕೆ ಇನ್ನೂ ಎಷ್ಟು ತುಂಬಿಸ್ತೀರ ಪಾಪ ಅವ್ರಿಗೆ.

ಕಡಲಮಗ_ಕುಂದಾಪ್ರ
ಧನುಷ್ಕೋಡಿ ನೀರಿನ ವಿಷಯ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದೇನೆ ಮಾರಾಯ್ರೆ. ಅದರ ತುದಿ ಅರಿಚಲ್ಮುನೈಯಲ್ಲಿ ಎರಡು ಕಡಲು ಕೂಡ್ತದೆ. ಒಂದು ಕಡೆ ಕೆರೆ ಹಾಗೆ ಮಲಗಿದ ನೀರು, ಇನ್ನೊಂದು ಕಡೆ ಅಲೆ ಹೊಡೀತಾ ಉಂಟು. ಅಲ್ಲಿನ ಮೀನುಗಾರರು ಶಾಂತ ಇರೋದಕ್ಕೆ ಪೆಣ್ ಕಡಲ್ (ಹೆಣ್ಣು ಕಡಲು), ಅಬ್ಬರದ್ದಕ್ಕೆ ಆಣ್ ಕಡಲ್ (ಗಂಡು ಕಡಲು) ಅಂತಾರೆ. ನೋಡಲಿಕ್ಕೆ ಚಂದ, ಆದ್ರೆ ತುದಿಯಲ್ಲಿ ನೀರಿಗೆ ಇಳೀಬೇಡಿ. ನಾನು ಹುಟ್ಟಿದ್ದೇ ಕಡಲ ಬದಿಯಲ್ಲಿ, ಅಪ್ಪ ದೋಣಿಯವರು, ಆದ್ರೂ ಅಲ್ಲಿ ನಾನು ಮೊಣಕಾಲಿಂದ ಮೇಲೆ ನೀರಿಗೆ ಹೋಗ್ಲಿಲ್ಲ. ಕಾಲಡಿ ಮರಳು ಒಂದೇ ಸಮ ಎಳೀತದೆ, ನಿಂತಲ್ಲೇ ಹೊಂಡ ಬೀಳ್ತದೆ. ಮೇಲಿಂದ ಶಾಂತ ಕಂಡ್ರೂ ಕೆಳಗೆ ಸೆಳೆತ ಉಂಟು. ಮಗುವಿನ ಕೈ ಬಿಡಬೇಡಿ.

ಮೀನು ತಿನ್ನುವವರಾದ್ರೆ ಅಲ್ಲಿ ಗುಡಿಸಲಲ್ಲಿ ಕಣ್ಣೆದುರೇ ಹುರಿದು ಕೊಡ್ತಾರೆ. ಅವರ ಕಡೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ಬೋಟಿಗೆ ರಜೆ, ನಮ್ಮಲ್ಲಿ ಅದು ಮುಗಿಯುವ ಹೊತ್ತಿಗೆ ಶುರುವಾಗಿರ್ತದೆ. ಜನವರಿಯಲ್ಲಿ ತೊಂದರೆ ಇಲ್ಲ.

ತುಂಗಾತೀರ
ನಾವು ಮೀನು ತಿನ್ನಲ್ಲ ಸರ್, ಆದ್ರೆ ನೀರಿನ ಮಾತು ನೆನಪಿಟ್ಕೋತೀನಿ. ಮಗ ನೀರು ಕಂಡ್ರೆ ಓಡ್ತಾನೆ.

ನೈಟ್_ರೈಡರ್
ಬ್ರೋ ಧನುಷ್ಕೋಡಿ ಭೂತದ ಊರು ಅಂತಾರಲ್ಲ, ರಾತ್ರಿ ಅಲ್ಲೇ ಉಳ್ಕೊಳ್ಳಕ್ಕೆ ಏನಾದ್ರೂ ದಾರಿ ಇದ್ಯಾ? ಹಾಳುಬಿದ್ದ ಚರ್ಚ್ ಒಳಗೆ ನೈಟ್ ವಿಡಿಯೋ ಮಾಡ್ಬೇಕು ಅಂತ ಆಸೆ.

ಹಳೇರೈಲು
ತಮ್ಮ, ನೀನು ಚಿಕ್ಕೋನು ಅನ್ಸುತ್ತೆ, ಬೇಜಾರಾಗ್ಬೇಡ, ಸ್ವಲ್ಪ ಉದ್ದ ಬರೀತೀನಿ.

ಅದು ಭೂತದ ಊರಲ್ಲ. 1964ರ ವರೆಗೆ ಅಲ್ಲಿ ರೈಲ್ವೆ ಸ್ಟೇಷನ್, ಪೋಸ್ಟ್ ಆಫೀಸ್, ಸ್ಕೂಲು, ಚರ್ಚು, ಕಸ್ಟಮ್ಸ್, ಎಲ್ಲ ಇತ್ತು. ಮದ್ರಾಸಿಂದ ಬೋಟ್ ಮೇಲ್ ರೈಲು ಹತ್ತಿದ್ರೆ ಧನುಷ್ಕೋಡಿ ತನಕ ಬಂದು, ಅಲ್ಲಿ ಸ್ಟೀಮರ್ ಹತ್ತಿ ತಲೈಮನ್ನಾರ್‌ಗೆ ಇಳಿದು, ಅಲ್ಲಿಂದ ಮತ್ತೆ ರೈಲಲ್ಲಿ ಕೊಲಂಬೋ. ಒಂದೇ ಟಿಕೆಟ್. ಸಿಲೋನ್ ಇರೋದು ಅಲ್ಲಿಂದ ಸುಮಾರು 30 ಕಿ.ಮೀ. ಆಗ ಮೇನ್ ಲೈನು ಧನುಷ್ಕೋಡಿದೇ, ರಾಮೇಶ್ವರ ಬರೀ ಬ್ರಾಂಚು.

1964 ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್ನಿಂದ ಹೊರಟಿದ್ದ 653 ನಂಬರ್ ಪ್ಯಾಸೆಂಜರ್ ಧನುಷ್ಕೋಡಿಗೆ ಇನ್ನೇನು ಸ್ವಲ್ಪ ದೂರ ಇದೆ ಅನ್ನೋವಾಗ ಸಿಗ್ನಲ್ ಸತ್ತೋಯ್ತು. ಸ್ವಲ್ಪ ಹೊತ್ತು ಕಾದು, ಆಮೇಲೆ ಕತ್ತಲಲ್ಲೇ ಸಿಳ್ಳೆ ಹಾಕ್ಕೊಂಡು ಮುಂದೆ ಹೋದ್ರು. ಅಲೆ ಬಂದು ಇಡೀ ರೈಲನ್ನ ತಗೊಂಡೋಯ್ತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳೀಲಿಲ್ಲ. ಊರೂ ಹೋಯ್ತು. ಸರ್ಕಾರ ಇದು ವಾಸಕ್ಕೆ ಯೋಗ್ಯ ಅಲ್ಲ ಅಂತ ಘೋಷಿಸ್ತು. ಪಾಂಬನ್ ಸೇತುವೇನೂ ಕಿತ್ತು ಹೋಗಿತ್ತು, ಅದನ್ನ 46 ದಿನದಲ್ಲಿ ಮತ್ತೆ ನಿಲ್ಸಿದ್ದು ಇ. ಶ್ರೀಧರನ್, ಆಗಿನ್ನೂ ಯುವ ಇಂಜಿನಿಯರ್, ಆಮೇಲೆ ಕೊಂಕಣ ರೈಲ್ವೆ ಕಟ್ಟಿದ ಅದೇ ಶ್ರೀಧರನ್. ಆದ್ರೆ ಧನುಷ್ಕೋಡಿ ಲೈನ್ ಮತ್ತೆ ಬರ್ಲೇ ಇಲ್ಲ.

ನೀನು ವಿಡಿಯೋ ಮಾಡ್ಬೇಕು ಅಂತಿರೋ ಚರ್ಚಿನ ಗೋಡೆ ಇದೆಯಲ್ಲ, ಅದು ಹವಳದ ಕಲ್ಲು. ಹತ್ರ ಹೋಗಿ ನೋಡು, ಕಲ್ಲಲ್ಲಿ ಜೇನುಗೂಡಿನ ಥರ ಸಣ್ಣ ಸಣ್ಣ ತೂತು ಕಾಣುತ್ತೆ. ಆ ಊರಲ್ಲಿ ಮದುವೆ ನಾಮಕರಣ ಎಲ್ಲ ಆಗ್ತಿದ್ದ ಜಾಗ ಅದು. ಸತ್ತವರ ಮೊಮ್ಮಕ್ಕಳು ಇವತ್ತೂ ರಾಮೇಶ್ವರದಲ್ಲಿ ಇದಾರೆ.

ರಾಮನಾಡ್_ಸೊಸೆ
ಮತ್ತೆ ಅಲ್ಲಿ ಇವತ್ತೂ ಜನ ಇದಾರೆ ತಮ್ಮ. ಮೀನುಗಾರರ ಗುಡಿಸಲು ಸಾಲಾಗಿವೆ. ಮರಳು ಕೈಯಲ್ಲಿ ತೋಡಿದ್ರೆ ಸಿಹಿನೀರು ಬರುತ್ತೆ, ಅದೇ ಅವ್ರ ಕುಡಿಯೋ ನೀರು, ಹೆಂಗಸರು ಕೂತ್ಕೊಂಡು ಸಣ್ಣ ಬಟ್ಟಲಲ್ಲಿ ಒಂದೊಂದೇ ತುಂಬಿ ಬಿಂದಿಗೆಗೆ ಹಾಕ್ತಾರೆ. ಎರಡೂ ಕಡೆ ಸಮುದ್ರ ಇಟ್ಕೊಂಡು ಆ ನೀರು ಸಿಹಿಯಾಗಿರೋದು ನಂಗೆ ಇವತ್ತಿಗೂ ಸೋಜಿಗ. ನಮ್ಮ ಮಾವ ಹೇಳ್ತಾರೆ, ಅವರ ದೊಡ್ಡಪ್ಪ ಒಬ್ರು ಆ ದಿನ ಧನುಷ್ಕೋಡಿಗೆ ಕೆಲಸಕ್ಕೆ ಹೋದವ್ರು ಬರ್ಲೇ ಇಲ್ಲ. ಪ್ರತಿ ಡಿಸೆಂಬರಲ್ಲಿ ಮಾವ ಹೋಗಿ ಆ ಚರ್ಚ್ ಪಕ್ಕದ ಮರಳಲ್ಲಿ ಒಂದು ದೀಪ ಹಚ್ಚಿಟ್ಟು ಬರ್ತಾರೆ, ಗಾಳಿಗೆ ಎರಡು ನಿಮಿಷನೂ ನಿಲ್ಲಲ್ಲ ಅದು. ಅಲ್ಲಿ ಹೋಗಿ ಭೂತದ ವಿಡಿಯೋ ಅಂದ್ರೆ ನಮಗೆ ಹೊಟ್ಟೆ ಉರಿಯುತ್ತೆ.

ನೈಟ್_ರೈಡರ್
ಸಾರಿ ಅಕ್ಕ. ನಿಜವಾಗ್ಲೂ ಇದೆಲ್ಲ ಗೊತ್ತಿರ್ಲಿಲ್ಲ. ಹಗಲೇ ಹೋಗ್ತೀನಿ.

ಗಾಲಿಚಕ್ರ
ರಸ್ತೆ ಬಂದ್ಮೇಲೆ ಹಾಳಾಯ್ತು ಜಾಗ. 2017ಕ್ಕೆ ಮುಂಚೆ ಮುಕುಂದರಾಯರ್ ಛತ್ರದ ತನಕ ಮಾತ್ರ ರಸ್ತೆ, ಅಲ್ಲಿಂದ ಮುಂದೆ ವ್ಯಾನು, ಜೀಪಲ್ಲಿ ಮರಳು ನೀರಲ್ಲಿ ಕುಲುಕಾಡ್ಕೊಂಡು ಹೋಗ್ಬೇಕಿತ್ತು. ಅದರ ಮಜಾನೇ ಬೇರೆ. ಈಗ ತುದಿ ತನಕ ಡಾಂಬರು, ಪಾರ್ಕಿಂಗು, ಪ್ಲಾಸ್ಟಿಕ್ಕು.

ಹಾಸನ್_ಹುಡ್ಗ
ನಿಮಗೆ ಮಜಾ. ಆ ವ್ಯಾನಿನಲ್ಲಿ ನಮ್ಮಪ್ಪನ್ನ ಕರ್ಕೊಂಡು ಹೋಗಿ ಸೊಂಟ ಹಿಡ್ಕೊಂಡು ಒಂದು ವಾರ ಮಲಗಿದ್ರು. ಈಗ ಆ 9.5 ಕಿ.ಮೀ ರಸ್ತೆ ಇರೋದ್ರಿಂದ್ಲೇ ಇವ್ರ ಅಮ್ಮನೂ ತುದಿ ನೋಡಕ್ಕಾಗೋದು. ಅಲ್ಲಿನ ಜನಕ್ಕೆ ಆಸ್ಪತ್ರೆಗೆ ಹೋಗಕ್ಕೂ ದಾರಿ ಆಯ್ತು.

ಗಾಲಿಚಕ್ರ
ಜನಕ್ಕೆ ಒಳ್ಳೇದಾಗಿದ್ದು ಒಪ್ತೀನಿ. ಆದ್ರೆ ಕಾರಿಂದ ಚಿಪ್ಸ್ ಕವರ್ ಎಸೆಯೋರನ್ನ ನೋಡಿದ್ರೆ ಮೈ ಉರಿಯುತ್ತೆ. ಹೋದ ಸಲ ಅಶೋಕ ಸ್ತಂಭದ ಹತ್ರ ಒಂದು ಕುಟುಂಬ ಊಟ ಮಾಡಿ ಎಲೆ, ಲೋಟ ಎಲ್ಲ ಅಲ್ಲೇ ಬಿಟ್ಟು ಹೊರಟ್ರು, ಕೇಳಿದ್ದಕ್ಕೆ ಜಗಳಕ್ಕೆ ಬಂದ್ರು. ಕೆಎ ನಂಬರ್ ಗಾಡಿ, ಅದೇ ಜಾಸ್ತಿ ನೋವಾಗಿದ್ದು.

ಹಕ್ಕಿನೋಟ
ಅದರ ಮೇಲೆ ಅದು ಈಗ ರಕ್ಷಿತ ಜಾಗ. 2025ರಲ್ಲಿ ತಮಿಳುನಾಡು ಸರ್ಕಾರ ಧನುಷ್ಕೋಡಿಯನ್ನ ರಾಜಹಂಸಗಳ ಅಭಯಾರಣ್ಯ ಅಂತ ಘೋಷಿಸಿದೆ. ತುಂಗಾತೀರ, ನೀವು ಹೋಗ್ತಿರೋದು ಸರಿಯಾದ ಸೀಸನ್. ರಸ್ತೆ ಪಕ್ಕ ಹಿನ್ನೀರಲ್ಲಿ ದೂರದಲ್ಲಿ ಒಂದು ಗೆರೆ ಎಳೆದ ಹಾಗೆ ತೆಳು ಗುಲಾಬಿ ಕಾಣಿಸಿದ್ರೆ ಅದೇ ಫ್ಲಮಿಂಗೋ. ಬೈನಾಕ್ಯುಲರ್ ಇದ್ರೆ ತಗೊಂಡೋಗಿ. ಹತ್ರ ಓಡಿಸ್ಕೊಂಡು ಹೋಗ್ಬೇಡಿ, ಎದ್ದು ಹೋಗ್ತವೆ, ಪಾಪ ಅಷ್ಟು ದೂರದಿಂದ ಮೇಯಕ್ಕೆ ಬಂದಿರ್ತವೆ.

ಭಟ್ರು_ಹೊನ್ನಾವರ
ಅಮ್ಮನ ವಿಷಯಕ್ಕೆ ಬರೋಣ. ಕ್ರಮ ಹೀಗೆ. ಮೊದಲು ಅಗ್ನಿತೀರ್ಥ, ಅಂದ್ರೆ ದೇವಸ್ಥಾನದ ಪೂರ್ವಕ್ಕಿರುವ ಸಮುದ್ರ ಸ್ನಾನ. ಆಮೇಲೆ ಒದ್ದೆ ಬಟ್ಟೆಯಲ್ಲೇ ಒಳಗೆ 22 ತೀರ್ಥ, ಕೊನೆಯದು ಕೋಟಿತೀರ್ಥ. ಬಾವಿ ಕಟ್ಟೆ ಮೇಲೆ ಬಕೆಟ್ ಹಿಡಿದು ನಿಂತವರು ಸೇದಿ ತಲೆ ಮೇಲೆ ಹೊಯ್ಯುತ್ತಾರೆ. ಟಿಕೆಟ್ ತಲೆಗೆ 25 ರೂಪಾಯಿ ಇತ್ತು ನಾನು ಹೋದಾಗ. ಹೊರಗೆ ಸಿಕ್ಕವರು ಬೇಗ ಮಾಡಿಸ್ತೇನೆ ಅಂತ ಸಾವಿರ ಎರಡು ಸಾವಿರ ಕೇಳ್ತಾರೆ, ಒಪ್ಪಬೇಡಿ, ಕೌಂಟರಿಗೇ ಹೋಗಿ. ನೆಲ ಎಲ್ಲಾ ಒದ್ದೆ, ಕಲ್ಲು ಜಾರುತ್ತದೆ. ಮಂಡಿ ನೋವಿದ್ದವರ ಕೈ ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು. ಮುಗಿದ ಮೇಲೆ ಬಟ್ಟೆ ಬದಲಿಸಿಯೇ ದರ್ಶನ, ಒದ್ದೆಯಲ್ಲಿ ಗರ್ಭಗುಡಿ ಕಡೆ ಬಿಡುವುದಿಲ್ಲ. ಅವರಿಗೆ ಸುಸ್ತಾದರೆ ನಾಲ್ಕೈದು ತೀರ್ಥ ಪ್ರೋಕ್ಷಣೆ ಮಾಡಿಸಿಕೊಂಡು ಕೋಟಿತೀರ್ಥಕ್ಕೆ ಬಂದರೂ ದೋಷವಿಲ್ಲ, ದೇವರು ಲೆಕ್ಕ ಇಡುವುದಿಲ್ಲ.

ಗಂಗೆ ವಿಷಯ. ಅಲ್ಲಿ ಗಂಗಾಭಿಷೇಕಕ್ಕೆ ಟಿಕೆಟ್ ಇದೆ. ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಯಲ್ಲಿದ್ದರೆ ಸ್ವೀಕರಿಸುತ್ತಾರೆ, ಕಬ್ಬಿಣ, ತಗಡಿನದು ಆಗುವುದಿಲ್ಲ. ನಿಮ್ಮದು ತಾಮ್ರ, ಚಿಂತೆ ಇಲ್ಲ. ಆದರೆ ಬೆಸುಗೆ ಅಲ್ಲಿ ಹೋಗಿ ಬಿಡಿಸಲು ಆಗುವುದಿಲ್ಲ, ಊರಲ್ಲೇ ಪಾತ್ರೆ ರಿಪೇರಿ ಮಾಡುವವರ ಹತ್ತಿರ ಸಡಿಲ ಮಾಡಿಸಿ ಮೇಲೆ ಮೇಣ ಹಚ್ಚಿಸಿಕೊಂಡು ಹೋಗಿ.

ಇನ್ನೊಂದು ಸಂಗತಿ ಕನ್ನಡದವರಿಗೆ ಸಂತೋಷ ಆಗುವಂಥದ್ದು. ಅಲ್ಲಿಯ ಅರ್ಚಕರು ಮಹಾರಾಷ್ಟ್ರ ಮೂಲದ ಬ್ರಾಹ್ಮಣರು, ಅವರಿಗೆ ದೀಕ್ಷೆ ನಮ್ಮ ಶೃಂಗೇರಿ ಮಠದಿಂದ.

ಕೊಪ್ಪಳದ_ಗಾಳಿ
ತಮಿಳುನಾಡಾಗ ಮರಾಠಿ ಅರ್ಚಕರು, ದೀಕ್ಷಾ ಶೃಂಗೇರಿದು, ಮ್ಯಾಲೆ ಗಂಗಾ ಕಾಶಿಯದು. ಎಷ್ಟು ಚಂದ ಐತಿ ನೋಡ್ರಿ.

ಸೋಮಾರಿ_ಸಂಚಾರಿ
ಅಲ್ಲಿ ತೇಲೋ ಕಲ್ಲು ತೋರಿಸ್ತಾರೆ, ರಾಮಸೇತು ಕಲ್ಲು ಅಂತ. ಮಗನಿಗೆ ತೋರ್ಸಿ.

ವಿಜ್ಞಾನಿ_ಅಲ್ಲ
ಅದು ಹವಳದ ಕಲ್ಲು, ಒಳಗೆಲ್ಲ ತೂತು ಇರೋದ್ರಿಂದ ಗಾಳಿ ತುಂಬಿ ತೇಲುತ್ತೆ. ತೋರಿಸಿ, ಜೊತೆಗೆ ಯಾಕೆ ತೇಲುತ್ತೆ ಅಂತಾನೂ ಹೇಳಿ.

ಸೋಮಾರಿ_ಸಂಚಾರಿ
ಕಾರಣ ಗೊತ್ತಾದ್ರೆ ಭಕ್ತಿ ಕಮ್ಮಿ ಆಗುತ್ತಾ ಸರ್? ನಾನು ಎರಡೂ ಇಟ್ಕೊಂಡಿದೀನಿ.

ವಿಜ್ಞಾನಿ_ಅಲ್ಲ
ಹಾಗೆ ಹೇಳ್ಲಿಲ್ಲ ನಾನು. ಮಗು ಕೇಳಿದ್ರೆ ಉತ್ತರ ಗೊತ್ತಿರ್ಲಿ ಅಂದೆ.

ಟೀಚರಮ್ಮ
ಮಗ ಆರನೇ ಕ್ಲಾಸ್ ಅಂದ್ರಲ್ಲ, ಕಲಾಂ ಅವ್ರ ಮನೆ ತಪ್ಪಿಸ್ಬೇಡಿ. ಮಸೀದಿ ಬೀದಿಯಲ್ಲಿದೆ, ದೇವಸ್ಥಾನದಿಂದ ದೂರ ಇಲ್ಲ. ಪೇಯ್ಕರುಂಬುನಲ್ಲಿರೋ ಸ್ಮಾರಕ ದೊಡ್ಡದು, 2017 ಜುಲೈ 27ರಂದು ತೆರೆದದ್ದು, ಅದೂ ನೋಡಿ, ಆದ್ರೆ ನಂಗೆ ಮನೆಯೇ ಹೆಚ್ಚು ಮನಸ್ಸಿಗೆ ಹಿಡೀತು. ಅವ್ರ ಅಪ್ಪ ಯಾತ್ರಿಕರನ್ನ ಧನುಷ್ಕೋಡಿಗೆ ಕರ್ಕೊಂಡು ಹೋಗೋಕೆ ಒಂದು ಮರದ ದೋಣಿ ಕಟ್ಟಿದ್ರು. ಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ತಿರ್ಲಿಲ್ಲ, ಓಡೋ ಗಾಡಿಯಿಂದ ಪೇಪರ್ ಕಟ್ಟು ಎಸೀತಿದ್ರು, ಅದನ್ನ ಹಿಡಿಯೋ ಕೆಲಸ ಚಿಕ್ಕ ಹುಡುಗ ಕಲಾಂದು. ಧನುಷ್ಕೋಡಿ ರಸ್ತೇಲಿ ಹೋಗೋವಾಗ ಆ ರೈಲು ಹೋಗ್ತಿದ್ದ ದಾರಿ ಇದೇ ಕಣೋ ಅಂತ ತೋರ್ಸಿ. ನಮ್ಮ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋದಾಗ ಒಬ್ಬ ಹುಡುಗ ಇಡೀ ದಾರಿ ಕಿಟಕಿಗೆ ಮೂಗು ಒತ್ತಿ ಹಳಿ ಹುಡುಕ್ತಾ ಇದ್ದ.

ಗ್ಯಾರೇಜ್_ಗೆಳೆಯ
ಕಾರಿನ ಬಗ್ಗೆ ಒಂದು ಮಾತು. ವಾಪಸ್ ಬಂದ ದಿನಾನೇ ಸಿಹಿನೀರಲ್ಲಿ ಗಾಡಿ ಕೆಳಗಡೆ ಚೆನ್ನಾಗಿ ಹೊಡೆಸಿ ತೊಳ್ಸಿ. ಉಪ್ಪು ಗಾಳಿ, ಮರಳು ಎಲ್ಲ ಚಾಸಿಗೆ ಮೆತ್ಕೊಂಡಿರುತ್ತೆ. ಡಾಂಬರು ಬಿಟ್ಟು ಮರಳಿಗೆ ಚಕ್ರ ಇಳಿಸ್ಬೇಡಿ, ಹೂತ್ಕೊಂಡ್ರೆ ಕ್ಲಚ್ ಸುಡುತ್ತೆ. ರಸ್ತೆ ಮೇಲೂ ಗಾಳಿಗೆ ಮರಳು ಬಂದು ಕೂತಿರುತ್ತೆ, ಬ್ರೇಕ್ ಜೋರಾಗಿ ಹಾಕಿದ್ರೆ ಜಾರುತ್ತೆ. ನಿಧಾನ ಹೋಗಿ.

ಗಾಲಿಚಕ್ರ
ಇದು ಸರಿಯಾದ ಮಾತು. ಪೆಟ್ರೋಲ್ ರಾಮೇಶ್ವರದಲ್ಲೇ ಹಾಕಿಸ್ಕೊಳ್ಳಿ.

ತುಂಗಾತೀರ
ಎಲ್ರಿಗೂ ಬಂದು ವರದಿ ಕೊಡ್ಬೇಕು ಅನ್ನಿಸ್ತು, ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದೀರ. ಹೋಗಿ ಬಂದ್ವಿ.

ಮಂಗಳವಾರ ರಾತ್ರಿ ರಾಮನಾಥಪುರದಲ್ಲಿ ಇದ್ವಿ. ಬುಧವಾರ 5:30ಕ್ಕೆ ಬಿಟ್ವಿ, ಸೇತುವೆ ಹತ್ತೋ ಹೊತ್ತಿಗೆ ಆಗ್ತಾನೇ ಬೆಳಕು ಬರ್ತಿತ್ತು. ಯಾರೂ ಮಾತಾಡ್ಲಿಲ್ಲ ಕಾರಲ್ಲಿ. ಕೆಳಗೆ ದೋಣಿಗಳ ದೀಪ ಇನ್ನೂ ಉರೀತಿತ್ತು. ಬ್ರಿಡ್ಜು ಎತ್ತೋದು ಮಗನಿಗೆ ಸಿಗ್ಲಿಲ್ಲ, ಆದ್ರೆ ಪಾಂಬನ್ ದಡದಲ್ಲಿ ನಿಂತಿರೋವಾಗ ಒಂದು ರೈಲು ದಾಟ್ತು, ಡಬ್ಬಿ ಎಣಿಸಿದ, ಅಷ್ಟಕ್ಕೇ ಖುಷಿ.

ದೇವಸ್ಥಾನದಲ್ಲಿ ರಶ್ ಕಮ್ಮಿ ಇತ್ತು. ಅಮ್ಮ 22ನ್ನೂ ಮಾಡಿದ್ರು. ಐದನೇದರಲ್ಲೇ ಸಾಕು ಬಿಡಮ್ಮ ಅಂದೆ, ಕೇಳ್ಲಿಲ್ಲ, ಹೆಂಡತಿ ಒಂದು ಕೈ ನಾನೊಂದು ಕೈ ಹಿಡ್ಕೊಂಡ್ವಿ. ಒಂದು ಬಾವಿ ಹತ್ರ ನೀರು ಹುಯ್ಯೋ ಹುಡುಗ ಅಮ್ಮನ್ನ ನೋಡಿ ಪೂರ್ತಿ ಬಕೆಟ್ ಸುರೀದೆ ಕೈಯಲ್ಲಿ ಸ್ವಲ್ಪ ಸ್ವಲ್ಪ ತಗೊಂಡು ನಿಧಾನಕ್ಕೆ ನೆತ್ತಿಗೆ ಹಾಕ್ದ, ಪಾಟಿ ಪಾಟಿ (ಅಜ್ಜಿ ಅಜ್ಜಿ) ಅಂತ ಮಾತಾಡಿಸ್ತಾ. ಆಮೇಲೆ ಆ ಉದ್ದನೆ ಪ್ರಾಕಾರದಲ್ಲಿ ಅಮ್ಮ ಒಂದು ಕಂಬಕ್ಕೆ ಒರಗಿ ಕೂತು ಹತ್ತು ನಿಮಿಷ ಏಳ್ಲಿಲ್ಲ, ಕಂಬದ ಸಾಲು ನೋಡ್ತಾ.

ಗಿಂಡಿ ಭಟ್ರು ಹೇಳಿದ ಹಾಗೇ ಶಿವಮೊಗ್ಗದಲ್ಲಿ ಗಾಂಧಿಬಜಾರ್ ಹತ್ರ ಬಿಡಿಸ್ಕೊಂಡು ಹೋಗಿದ್ದೆ. ಬಿಡಿಸೋವಾಗ ಅಮ್ಮನೂ ಅಂಗಡಿಗೆ ಬಂದಿದ್ರು. ಒಳಗೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ನೀರಿತ್ತು, ಒಳಗಿನ ಗೋಡೆ ಎಲ್ಲ ಹಸಿರು ಕಿಲುಬು, ನೀರು ಮಾತ್ರ ತಿಳಿ. ನಮ್ಮಜ್ಜಿ ತಂದು 40 ವರ್ಷದ ಮೇಲಾಯ್ತು. ಅಭಿಷೇಕಕ್ಕೆ ಕೊಟ್ಟಾಗ ಅರ್ಚಕರು ಗಿಂಡಿ ತಗೊಂಡು ಹಣೆಗೆ ಒತ್ಕೊಂಡ್ರು. ಅಮ್ಮ ಅಜ್ಜಿ ಹೆಸ್ರು ಹೇಳಿದ್ರು, ಗೋತ್ರ ಹೇಳಕ್ಕೆ ಗಂಟಲು ಬರ್ಲಿಲ್ಲ, ನಾನೇ ಹೇಳ್ದೆ.

ಧನುಷ್ಕೋಡಿಗೆ 1:30ಕ್ಕೆ ಹೋದ್ವಿ. ಎರಡೂ ಕಡೆ ನೀರು, ಮಧ್ಯೆ ನೇರ ರಸ್ತೆ, ಗಾಳಿಗೆ ಕಾರು ಸ್ವಲ್ಪ ಸ್ವಲ್ಪ ಸರಿಯೋದು ಸ್ಟಿಯರಿಂಗಲ್ಲೇ ಗೊತ್ತಾಗ್ತಿತ್ತು. ಫ್ಲಮಿಂಗೋ ಕಂಡ್ವು, ತುಂಬಾ ದೂರ, ಮೊದಲು ನೊರೆ ಅನ್ಕೊಂಡಿದ್ವಿ. ಚರ್ಚ್ ಹತ್ರ ಒಂದು ಹೆಂಗಸು ಶಂಖ ಚಿಪ್ಪು ಮಾರ್ತಿದ್ರು, ಅಮ್ಮ ಅವ್ರ ಪಕ್ಕ ಕೂತ್ಬಿಟ್ರು, ಇವ್ರಿಗೆ ತಮಿಳು ಬರಲ್ಲ ಅವ್ರಿಗೆ ಕನ್ನಡ ಬರಲ್ಲ, ಆದ್ರೂ ಅರ್ಧ ಗಂಟೆ ಮಾತಾಡಿದ್ರು. ಆ ಹೆಂಗಸಿನ ಅಮ್ಮ ಆ ರಾತ್ರಿ ಉಳ್ಕೊಂಡೋರಂತೆ, ಮರಳು ದಿಬ್ಬದ ಮೇಲೆ ಹತ್ಕೊಂಡು. ಅಷ್ಟು ಅಮ್ಮನಿಗೆ ಅರ್ಥ ಆಗಿತ್ತು. ಅಲ್ಲಿಂದ ನಮಗೆ ಏಳಕ್ಕೇ ಆಗ್ಲಿಲ್ಲ, ಹಾಗಾಗಿ ಗಂಧಮಾದನ ಗುಡ್ಡ, ಕಲಾಂ ಸ್ಮಾರಕ, ಎಲ್ಲ ಬಿಟ್ವಿ. ಕಲಾಂ ಮನೆ ಮಾತ್ರ ಬೆಳಗ್ಗೇನೇ ನೋಡಿದ್ವಿ ಟೀಚರ್. ಮಾನಾಮಧುರೈನೂ ಆಗ್ಲಿಲ್ಲ, ಕತ್ತಲಾಗಿತ್ತು. ಹಾಸನ್ ಅಣ್ಣ ಹೇಳಿದ್ದು ಸರಿ, ಎಲ್ಲ ನೋಡಕ್ಕೆ ಒಂದು ದಿನ ಸಾಲಲ್ಲ. ಆದ್ರೆ ಬಿಟ್ಟಿದ್ದಕ್ಕೆ ಬೇಜಾರಿಲ್ಲ.

ರಾಮನಾಡ್_ಸೊಸೆ
ಓದ್ತಾ ಕಣ್ಣಲ್ಲಿ ನೀರು ಬಂತು. ನಮ್ಮ ಮಾವನಿಗೆ ತಮಿಳಲ್ಲಿ ಹೇಳ್ದೆ. ಮುಂದಿನ ಸಲ ಹೋಟೆಲ್ ಬೇಡ, ನಮ್ಮನೆಗೇ ಬನ್ನಿ ಅಂತಿದಾರೆ.

ಭಟ್ರು_ಹೊನ್ನಾವರ
ಸೇತುವಿನ ಮರಳು ತಂದಿರಾ? ರಾಮೇಶ್ವರದ ಮರಳನ್ನು ಪ್ರಯಾಗದಲ್ಲಿ ಬಿಟ್ಟು ಅಲ್ಲಿಂದ ಗಂಗೆ ತರುವುದು ಪದ್ಧತಿ. ನಿಮ್ಮಲ್ಲಿ ಅದು ಉಲ್ಟಾ ದಾರಿಯಿಂದ ಶುರುವಾಗಿದೆ.

ತುಂಗಾತೀರ
ಒಂದು ಹಿಡಿ ತಂದ್ವಿ ಭಟ್ರೆ. ಅದೇ ಗಿಂಡಿ ಒರೆಸಿ ಒಣಗಿಸಿ ಅದರಲ್ಲೇ ಹಾಕಿಟ್ಟಿದಾರೆ, ಬಾಯಿಗೆ ಹಳದಿ ಬಟ್ಟೆ ಕಟ್ಟಿ. ಈಗ ದೇವರ ಮನೇಲಿ ಅದೇ ಜಾಗದಲ್ಲಿದೆ. ಪ್ರಯಾಗಕ್ಕೆ ಯಾವಾಗ ಅಂತ ದಿನಾ ಕೇಳ್ತಾರೆ.

ಗ್ಯಾರೇಜ್_ಗೆಳೆಯ
ಕಾರ್ ಕೆಳಗೆ ತೊಳ್ಸಿದ್ರಾ?

ತುಂಗಾತೀರ
ಮಧುರೈಯಲ್ಲೇ ತೊಳ್ಸಿದೆ. ಆದ್ರೂ ಡಿಕ್ಕಿ ಮ್ಯಾಟ್ ಎತ್ತಿದ್ರೆ ಇನ್ನೂ ಮರಳು ಸಿಗ್ತಾ ಇದೆ, ಮಗ ಅದನ್ನೂ ಒಂದು ಡಬ್ಬೀಲಿ ತುಂಬಿಟ್ಕೊಂಡಿದಾನೆ.

ಗಾಲಿಚಕ್ರ
ಶಿವಮೊಗ್ಗದಿಂದ ಪ್ರಯಾಗ ಕಾರಲ್ಲಿ ಅಂದ್ರೆ ನಾಗಪುರ, ಜಬಲ್ಪುರ ಮೇಲೆ ಹೋಗ್ಬೇಕು. ಮೂರು ದಿನ ಇಟ್ಕೊಳ್ಳಿ ಸರ್, ಈ ಸಲ ನಾನೇ ಹೇಳ್ತಿದೀನಿ, ಅವಸರ ಬೇಡ.